ಶೆಟ್ಟರ ಅಂಗಡಿಯ ಮೂರು ಮಾನಿಟರ್‌ಗಳು

ಪಾಂಡುರಂಗ ಶೆಟ್ಟರ ಅಂಗಡಿಯಿಂದ ಫೋನು ಬಂದಾಗ ನಾನು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದೆ. ಹಿಂದಿನ ದಿನವಷ್ಟೇ ಏಳು ಮಿಕ್ಸಿಗಳನ್ನು ಹೋಲಿಸಿ ಬಂದಿದ್ದೆ. ಏಳು ಮಿಕ್ಸಿ ಎಂದರೆ ಏಳು ಜಾರು, ಏಳು ಥರದ ಸದ್ದು, ಏಳು ಸಲ ರುಬ್ಬಿದ ಕಡಲೆಬೇಳೆ, ಕೊನೆಗೆ ಆರು ಮಿಕ್ಸಿಗಳು ಸಪ್ಪಗಾಗುವುದನ್ನು ನಿಂತು ನೋಡುವುದು. ಇಪ್ಪತ್ತೊಂಬತ್ತು ವರ್ಷದಿಂದ ನನ್ನ ಕೆಲಸ ಇದೇ. ಈಗೀಗ ಬೆಳಗ್ಗೆ ಎದ್ದರೆ ಕಾಲೂ ನೋಯುತ್ತದೆ, ನಾಲಿಗೆಯೂ ನೋಯುತ್ತದೆ. ಯಾವುದು ಹೆಚ್ಚು ಎಂದು ಮಾತ್ರ ನಾನು ಹೇಳುವುದಿಲ್ಲ.

"ಅಂಬುಜಮ್ಮೋರೆ, ಮೂರು ಮಾನಿಟರ್ ಬಂದಿವೆ. ಕಂಪ್ಯೂಟರಿಂದು. ಭಾರಿ ಸ್ಪಷ್ಟವಾಗಿ ಕಾಣೋವು. ತಾವು ಬಂದು ಒಂದೊಂದೇ ನೋಡ್ಕೊಂಡು ಹೋದ್ರೆ, ಗುರುವಾರ ಗಿರಾಕಿ ಎದುರಿಗೆ ಹೋಲಿಕೆ ಮುಗಿಸಿಬಿಡಬಹುದು" ಎಂದರು ಶೆಟ್ಟರು.

"ಗಿರಾಕಿ ಯಾರು?"

"ಬನ್ನಿ, ಹೇಳ್ತೀನಿ."

ನಮ್ಮೂರಲ್ಲಿ ಎರಡನ್ನು ಕಣ್ಣೆದುರಿಗೆ ಇಟ್ಟುಕೊಂಡು, ಇದು ಅದಕ್ಕಿಂತ ಮೇಲು ಎಂದು ಬಾಯಿಬಿಟ್ಟು ಹೇಳಿದರೆ ಕೆಳಗಾದದ್ದು ಕೆಳಗೇ ಇಳಿಯುತ್ತದೆ. ಮೇಲು ಎನಿಸಿಕೊಂಡದ್ದು ಇದ್ದಲ್ಲೇ ಇರುತ್ತದೆ, ಕೂದಲೆಳೆಯಷ್ಟೂ ಏರುವುದಿಲ್ಲ. ಇಳಿದದ್ದು ಮತ್ತೆ ಏರುವುದಂತೂ ಇಲ್ಲವೇ ಇಲ್ಲ. ಹಾಗಾಗಿ ನಮ್ಮ ಹೋಟೆಲುಗಳಲ್ಲಿ ಒಂದೇ ಬಗೆಯ ದೋಸೆ ಮಾಡುತ್ತಾರೆ. ಸಂತೆಯಲ್ಲಿ ಬದನೆಕಾಯಿ ಮಾರುವ ಇಬ್ಬರು ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂರುತ್ತಾರೆ. ಹೊಸದಾಗಿ ಮದುವೆಯಾಗಿ ಬಂದ ಓರಗಿತ್ತಿಯರನ್ನು ಆರು ತಿಂಗಳು ಒಂದೇ ಸಾಲಿನಲ್ಲಿ ಊಟಕ್ಕೆ ಕೂರಿಸುವುದಿಲ್ಲ. ಶಾಲೆಯ ಫಲಿತಾಂಶವನ್ನು ಅಂಟಿಸಿದ ಲಕೋಟೆಯಲ್ಲಿ ಮನೆಗೇ ಕಳಿಸುತ್ತಾರೆ. ಅದನ್ನು ಬಾಗಿಲು ಹಾಕಿಕೊಂಡು, ತಮ್ಮನೋ ತಂಗಿಯೋ ಆಡಲು ಹೋದ ಹೊತ್ತು ನೋಡಿ ಓದಬೇಕು. ಒಮ್ಮೆ ಹೊರಗಿನಿಂದ ಬಂದ ಮೇಷ್ಟರೊಬ್ಬರು ಮೊದಲ ದಿನವೇ ಒಂದು ಮಗುವಿನ ಕಾಪಿ ಪುಸ್ತಕ ಎತ್ತಿ ಹಿಡಿದು, ಇಡೀ ತರಗತಿಯಲ್ಲಿ ಇದೇ ಒಳ್ಳೆಯ ಅಕ್ಷರ ಎಂದುಬಿಟ್ಟರು. ಉಳಿದ ಮೂವತ್ತೆಂಟು ಮಕ್ಕಳ ಅಕ್ಷರ ಅವತ್ತು ಕೆಟ್ಟದ್ದು ಇವತ್ತಿಗೂ ಹಾಗೇ ಇದೆ. ಅವರಲ್ಲಿ ಇಬ್ಬರು ಪುರಸಭೆಯಲ್ಲಿ ಗುಮಾಸ್ತರಾಗಿದ್ದಾರೆ, ಅವರು ಬರೆದ ನೋಟಿಸನ್ನು ಅವರೇ ಬಂದು ಓದಿ ಹೇಳಬೇಕು.

ಆದರೂ ಜನ ಬದುಕಬೇಕಲ್ಲ, ಸಾಮಾನು ಕೊಳ್ಳಬೇಕಲ್ಲ. ಗಂಡ ಹೆಂಡತಿ ಇಬ್ಬರು ಅಂಗಡಿಯಲ್ಲಿ ನಿಂತು ಜಗಳಕ್ಕೆ ಬಿದ್ದು ಒಂದೇ ಮಧ್ಯಾಹ್ನ ಹನ್ನೊಂದು ಫ್ರಿಜ್ ಕೆಡಿಸಿದ ಮೇಲೆ ಪುರಸಭೆಯವರು ಒಂದು ನಿಯಮ ಮಾಡಿದರು. ಮೂರು ಸಾವಿರ ದಾಟಿದ ಯಾವ ವಸ್ತುವನ್ನಾದರೂ ಕೊಳ್ಳುವ ಮೊದಲು ಊರಿನ ಹೋಲಿಕೆದಾರರಿಂದ ಪತ್ರ ಆಗಬೇಕು. ಅಂಗಡಿಯಲ್ಲಿ ಬೇರೆ ಯಾರೂ ಬಾಯಿಬಿಡಬಾರದು. ಹೇಗೂ ಒಂದಿಷ್ಟು ಹಾಳಾಗುವುದಾದರೆ ಲೆಕ್ಕವಾಗಿ ಹಾಳಾಗಲಿ ಎಂದು ಅವರ ಎಣಿಕೆ. ಮೊದಲ ಹೋಲಿಕೆದಾರರು ನಮ್ಮಪ್ಪ. ಅವರ ನಂತರ ನಾನು. ನನ್ನ ನಂತರ ಯಾರು ಎಂದು ಪುರಸಭೆಯವರು ಎರಡು ವರ್ಷದಿಂದ ಅರ್ಜಿ ಕರೆಯುತ್ತಿದ್ದಾರೆ, ಒಂದೂ ಬಂದಿಲ್ಲ.

ಸೋಲನ್ನು ಒಂದರ ತಲೆಗೇ ಕಟ್ಟಬಾರದು, ಹಂಚಬೇಕು ಎಂದು ಅಪ್ಪ ಕಲಿಸಿದ್ದರು. ಅದಕ್ಕಾಗಿಯೇ ಹೋಲಿಕೆ ಪತ್ರದಲ್ಲಿ ಮೂರು ಕಾಲಂ ಇವೆ: ಬೆಲೆ, ಗುಣ, ಅಂದ. ಒಂದನ್ನು ಬೆಲೆಯಲ್ಲಿ ಗೆಲ್ಲಿಸು, ಇನ್ನೊಂದನ್ನು ಗುಣದಲ್ಲಿ, ಮತ್ತೊಂದನ್ನು ಅಂದದಲ್ಲಿ. ಆಗ ಯಾವುದೂ ಪೂರ್ತಿ ಸಾಯುವುದಿಲ್ಲ, ಎಲ್ಲಕ್ಕೂ ಅಷ್ಟಷ್ಟು ಪೆಟ್ಟಾಗುತ್ತದೆ. ಬೆಲೆಯಲ್ಲಿ ಸೋತದ್ದನ್ನು ಆಮೇಲೆ ಯಾರೂ ಕೇಳುವುದಿಲ್ಲ. ಅಂದದಲ್ಲಿ ಸೋತದ್ದರ ಬಣ್ಣ ವಾರದೊಳಗೆ ಹಳದಿಗಟ್ಟುತ್ತದೆ. ಗುಣದಲ್ಲಿ ಸೋತದ್ದು ಅದೇ ಗಳಿಗೆಯಲ್ಲಿ ಸೊರಗುತ್ತದೆ. ಇಷ್ಟೆಲ್ಲ ಬಲ್ಲ ಅಪ್ಪನೇ ಒಂದು ಸಲ ಮೇಲಿನ ಕೇರಿಯ ಬಾವಿಯ ನೀರು ಕುಡಿದು, ಪಕ್ಕದ ಬಾವಿಗಿಂತ ಇದು ಸಿಹಿ ಎಂದುಬಿಟ್ಟಿದ್ದರು. ಪಕ್ಕದ ಬಾವಿ ಸವುಳಾಯಿತು. ಅಪ್ಪ ಮೂರು ದಿನ ಅದರ ಕಟ್ಟೆಯ ಮೇಲೆ ಕೂತು ತಪ್ಪಾಯಿತು ತಪ್ಪಾಯಿತು ಎಂದರು. ಬಾವಿ ಕೇಳಲಿಲ್ಲ.

ಶೆಟ್ಟರ ಅಂಗಡಿಯಲ್ಲಿ ಮೂರು ಮಾನಿಟರ್‌ಗಳಿಗೂ ಹಳೆಯ ಪಂಚೆ ಹೊದಿಸಿ, ನಡುವೆ ರಟ್ಟು ನಿಲ್ಲಿಸಿದ್ದರು. ಪದ್ಧತಿಯಂತೆ ನಾನು ಒಂದೊಂದರದೇ ಬಟ್ಟೆ ಎತ್ತಿ ನೋಡಿ, ಮುಚ್ಚಿ, ನೋಟ್‌ಬುಕ್ಕಿನಲ್ಲಿ ಬೇರೆ ಬೇರೆ ಹಾಳೆಯಲ್ಲಿ ಗುರುತು ಹಾಕಿಕೊಂಡೆ. ಮೊದಲನೆಯದು ಇಪ್ಪತ್ತೇಳು ಇಂಚು, ಫೋರ್ ಕೆ, ಅಂದರೆ ಅಡ್ಡಕ್ಕೆ ನಾಲ್ಕು ಸಾವಿರದಷ್ಟು ಚುಕ್ಕೆ, ಬೆಲೆ ಇಪ್ಪತ್ತೆಂಟು ಸಾವಿರ. ಮೈಯೆಲ್ಲ ಕಪ್ಪು ಪ್ಲಾಸ್ಟಿಕ್. ಸ್ಟ್ಯಾಂಡು ಮುಂದಕ್ಕೆ ಹಿಂದಕ್ಕೆ ಬಾಗುತ್ತದೆ, ಮೇಲೆ ಏರುವುದಿಲ್ಲ, ಕೆಳಗೆ ಎರಡು ದಪ್ಪ ಪುಸ್ತಕ ಇಟ್ಟುಕೊಳ್ಳಬೇಕು. ಮೇಜು ತಟ್ಟಿದರೆ ಪರದೆ ಸ್ವಲ್ಪ ಹೊತ್ತು ಬೇಡ ಬೇಡ ಎಂದು ತಲೆಯಾಡಿಸುತ್ತದೆ. ಎರಡನೆಯದು ಮೂವತ್ತೆರಡು ಇಂಚು, ಅರವತ್ತೊಂದು ಸಾವಿರ. ಅದೂ ಫೋರ್ ಕೆ. ಬಣ್ಣಗಳನ್ನು ಕಾರ್ಖಾನೆಯಲ್ಲೇ ಅಳೆದು ಸರಿಮಾಡಿದ್ದೇವೆ ಎಂದು ಸಹಿ ಹಾಕಿದ ಚೀಟಿ ಪೆಟ್ಟಿಗೆಯೊಳಗಿತ್ತು. ಸ್ಟ್ಯಾಂಡು ಒಂದೇ ಬೆರಳಲ್ಲಿ ಏರುತ್ತದೆ, ಇಳಿಯುತ್ತದೆ, ಪರದೆಯನ್ನು ತಿರುಗಿಸಿ ಉದ್ದಕ್ಕೂ ನಿಲ್ಲಿಸಬಹುದು. ಲ್ಯಾಪ್‌ಟಾಪಿಗೆ ಒಂದು ಕೇಬಲ್ ಸಿಕ್ಕಿಸಿದರೆ ಚಿತ್ರವೂ ಅದರಲ್ಲೇ, ಚಾರ್ಜೂ ಅದರಲ್ಲೇ.

ಮೂರನೆಯದರ ಬಟ್ಟೆ ತೆಗೆಯುವಾಗ ಶೆಟ್ಟರು ಕೈ ಒರೆಸಿಕೊಂಡರು. ಇಪ್ಪತ್ತೇಳು ಇಂಚು, ಫೈವ್ ಕೆ, ಒಂದು ಲಕ್ಷ ನಲವತ್ತು ಸಾವಿರ. ಅಲ್ಯೂಮಿನಿಯಂ ಮೈ, ಹಿಂದೆ ಮುಂದೆ ಎಲ್ಲೂ ಒಂದು ಸ್ಕ್ರೂ ಕಾಣುವುದಿಲ್ಲ. ಅಕ್ಷರಗಳು ಆಗತಾನೇ ಅಚ್ಚಾಗಿ ಬಂದ ಲಗ್ನಪತ್ರಿಕೆಯ ಹಾಗೆ ನಿಂತಿದ್ದವು, ಎಷ್ಟು ಹತ್ತಿರ ಹೋದರೂ ಚುಕ್ಕೆ ಕಾಣಲಿಲ್ಲ. ಗಾಜು ಮಾತ್ರ ಬಹಳ ಹೊಳೆಯುತ್ತದೆ. ಎದುರಿಗೆ ಕಿಟಕಿ ಇದ್ದರೆ ಕೆಲಸ ಬಿಟ್ಟು ಕಿಟಕಿಯನ್ನೇ ನೋಡಬೇಕು. ಎತ್ತರ ಬದಲಿಸುವ ಸ್ಟ್ಯಾಂಡು ಬೇಕೆಂದರೆ ಅದಕ್ಕೆ ಬೇರೆ ದುಡ್ಡಂತೆ.

"ಇದನ್ನ ನೋಡೋಕೆ ಅಂತಾನೇ ಜನ ಒಳಗೆ ಬರ್ತಾರೆ ಅಂಬುಜಮ್ಮೋರೆ. ಕೊಳ್ಳಲ್ಲ, ನೋಡ್ತಾರೆ. ಬಂದೋರು ಒಂದು ಚಾರ್ಜರ್ ಆದ್ರೂ ತಗೊಂಡು ಹೋಗ್ತಾರೆ. ಇದು ಮಂಕಾಗಿಬಿಟ್ರೆ ನಾನು ಬಾಗಿಲು ಹಾಕ್ಕೊಂಡ ಹಾಗೇನೆ" ಎಂದರು. ಆಮೇಲೆ ದನಿ ತಗ್ಗಿಸಿದರು. "ಮೊದಲನೇದು ಹೋದ್ರೆ ಹೋಗ್ಲಿ. ಅದಕ್ಕೆ ಬೆಲೆ ಕಾಲಂ ಕೊಟ್ಬಿಡಿ, ಗುಣದ್ದು ಇದಕ್ಕೇ ಕೊಡಿ. ನ್ಯಾಯವಾಗಿ ನೋಡಿದ್ರೂ ಹಾಗೇ ಅಲ್ವಾ?"

ನ್ಯಾಯವಾಗಿ ನೋಡಿದರೂ ಹಾಗೆಯೇ ಆಗಿತ್ತು. "ಗಿರಾಕಿ ಯಾರು ಅಂತ ಹೇಳ್ಲಿಲ್ಲ" ಎಂದೆ.

ಶೆಟ್ಟರು ಪಂಚೆಯ ಮಡಿಕೆ ಸರಿಮಾಡುತ್ತ ಬೇರೆ ಕಡೆ ನೋಡಿದರು. "ನಿಮ್ಮ ಸುನಂದಮ್ಮ. ಮೂವತ್ತು ಸಾವಿರದ ಒಳಗೆ ಆಗಬೇಕು ಅಂದಿದಾರೆ."

ಸುನಂದಾ ನನ್ನ ಮಗಳು. ಮೂವತ್ತನಾಲ್ಕು ವರ್ಷ. ನನ್ನ ಮನೆಯಿಂದ ಎರಡು ಬೀದಿ ಆಚೆ ಒಂದು ಮಹಡಿ ಕೋಣೆಯಲ್ಲಿ ಸೀರೆಯ ಅಂಚು ಸೆರಗುಗಳಿಗೆ ನಕ್ಷೆ ಬರೆಯುತ್ತಾಳೆ. ಕಂಪ್ಯೂಟರಿನ ಪರದೆಯ ಮೇಲೆ ಸಣ್ಣ ಸಣ್ಣ ಚೌಕ. ಒಂದು ಚೌಕ ಎಂದರೆ ಮಗ್ಗದಲ್ಲಿ ಒಂದು ಎಳೆ. ಅವಳ ಹಳೆಯ ಮಾನಿಟರಿನಲ್ಲಿ ಒಂದು ದೊಡ್ಡ ಸೆರಗಿನ ಎಂಟನೇ ಒಂದು ಭಾಗ ಮಾತ್ರ ಕಾಣುತ್ತದೆ. ತುಂಡು ತುಂಡಾಗಿ ಬರೆದು ಜೋಡಿಸುತ್ತಾಳೆ. ಹೋದ ವರ್ಷ ಜೋಡಣೆಯಲ್ಲಿ ಒಂದು ಎಳೆ ಹಾರಿಹೋಗಿ ಗುಡ್ಡದಾಚೆಯ ನೇಕಾರರ ಸಂಘದಲ್ಲಿ ನಲವತ್ತು ಸೀರೆಗಳ ಬಳ್ಳಿ ನಡುವೆ ಮುರಿದು ಬಂತು. ಸಂಘದವರು ಒಳ್ಳೆಯವರು, ಇನ್ನೊಂದೇ ಅವಕಾಶ ಕೊಡುತ್ತೇವೆ ಎಂದರು. ಈಗ ಅವಳ ಕೈಯಲ್ಲಿರುವುದು ಎರಡು ಸಾವಿರದ ನಾನೂರು ಎಳೆಯ ಸೆರಗು. ಇದೂ ತಪ್ಪಿದರೆ ಆ ಕೆಲಸ ಮುಗಿದ ಹಾಗೆ, ನಮ್ಮೂರಲ್ಲಿ ಅವಳಿಗೆ ಬೇರೆ ಕೆಲಸ ಕೊಡುವವರಿಲ್ಲ. ಇದನ್ನೆಲ್ಲ ನನಗೆ ಹೇಳಿದ್ದು ಅವಳಲ್ಲ, ಅವಳ ಮನೆಯೊಡತಿ.

ಅವಳು ನನ್ನ ಹತ್ತಿರ ಕೆಲಸದ ಮಾತೆತ್ತುವುದಿಲ್ಲ. ವಾರಕ್ಕೆರಡು ಸಲ ಬರುತ್ತಾಳೆ, ಸೊಪ್ಪು ತರುತ್ತಾಳೆ, ಕಾಲಿಗೆ ಎಣ್ಣೆ ಹಚ್ಚಿಕೊಡುತ್ತಾಳೆ. ಆದರೆ ತಾನು ಬರೆದ ಒಂದು ಗೆರೆಯನ್ನೂ ಹದಿನೆಂಟು ವರ್ಷದಿಂದ ನನಗೆ ತೋರಿಸಿಲ್ಲ.

ಅವಳಿಗೆ ಆಗ ಹದಿನಾರು ತುಂಬಿತ್ತು. ನನ್ನ ಅಕ್ಕನ ಮಗಳು ಹೇಮಲತಾಗೆ ಹದಿನೇಳು. ಇಬ್ಬರೂ ನಡುಮನೆಯಲ್ಲಿ ಬೋರಲಾಗಿ ಮಲಗಿ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಅಂಚು ಬರೆಯುತ್ತಿದ್ದರು. ಸುನಂದಾಳ ಕೈ ಹೇಗಿತ್ತೆಂದರೆ, ಅಡಿಪಟ್ಟಿ ಇಲ್ಲದೆ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಎಳೆದುಬಿಡುತ್ತಿದ್ದಳು. ನಾನು ಅವತ್ತು ಒಂಬತ್ತು ಸೀಲಿಂಗ್ ಫ್ಯಾನ್ ಹೋಲಿಸಿ ಬಂದಿದ್ದೆ. ತಲೆಯೊಳಗೆ ಇನ್ನೂ ರೆಕ್ಕೆ ತಿರುಗುತ್ತಿದ್ದವು. ಚಪ್ಪಲಿ ಬಿಟ್ಟು ಒಳಗೆ ಬಂದು, ಎರಡು ಹಾಳೆ ಪಕ್ಕಪಕ್ಕ ಇದ್ದದ್ದನ್ನು ನೋಡಿ, ಅಂಗಡಿಯಲ್ಲಿ ಹೇಳುವ ಹಾಗೇ ಹೇಳಿದೆ: "ಹೇಮನ ಗೆರೆ ನಿನ್ನದಕ್ಕಿಂತ ನೇರ ಇದೆ ಕಣೇ." ನಿಜಕ್ಕೂ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಸರಿಯಾಗಿ ನೋಡಿರಲೇ ಇಲ್ಲ. ಹೇಳಿ ಮುಗಿಸುವಷ್ಟರಲ್ಲಿ ಸುನಂದಾಳ ಪೆನ್ಸಿಲು ಹಾಳೆಯ ಮೇಲೆ ಕಂಪಿಸತೊಡಗಿತು. ಅವಳು ಕೈಯನ್ನು ನೋಡಿಕೊಂಡಳು, ಆಮೇಲೆ ನನ್ನನ್ನು ನೋಡಿದಳು. ಆ ಕೈ ಮತ್ತೆ ನಿಲ್ಲಲಿಲ್ಲ. ಹೇಮಾ ಎರಡು ವರ್ಷದಲ್ಲಿ ಬರೆಯುವುದನ್ನೇ ಬಿಟ್ಟಳು. ಈಗ ಗಂಡನ ಜೊತೆ ಟೈಲ್ಸ್ ಅಂಗಡಿ ನೋಡಿಕೊಳ್ಳುತ್ತಾಳೆ, ಚೆನ್ನಾಗಿದ್ದಾಳೆ.

ಅಪ್ಪ ಬಾವಿಯ ಮುಂದೆ ಮೂರು ದಿನ ಕೂತ ಹಾಗೆ ನಾನು ಮಗಳ ಮುಂದೆ ಕೂರಲಿಲ್ಲ. ಏನೂ ಆಗುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೆ. ಈಗ ಅನ್ನಿಸುತ್ತದೆ, ಆಗದಿದ್ದರೂ ಕೂರಬಹುದಿತ್ತು.

ಅಂದು ಸಂಜೆ ಅವಳೇ ಫೋನು ಮಾಡಿದಳು. "ಶೆಟ್ಟರು ಹೇಳಿದ್ರಾ?"

"ಹೇಳಿದ್ರು."

"ಬೇರೆ ಯಾರೂ ಇಲ್ವಲ್ಲ, ಪತ್ರ ಬರೆಯೋಕೆ."

"ಇಲ್ಲ ಕಣೇ. ಇರೋಳು ನಾನೊಬ್ಬಳೇ." ನಾನು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದನ್ನು ಹೇಳಿದೆ. "ನೋಡು, ಗುಣದ ಕಾಲಂನಲ್ಲಿ ನಿನ್ನ ದುಡ್ಡಿಗೆ ಸಿಗೋ ಆ ಮೊದಲನೇದು ಸೋತ್ರೆ ಅದರ ಚುಕ್ಕೆಗಳೆಲ್ಲ ಅಂಟಿಕೊಂಡುಬಿಡ್ತವೆ. ಆಮೇಲೆ ಅದು ನಿನ್ನ ಹಳೇದರ ಹಾಗೇ ಆಗುತ್ತೆ. ನಾನು ಸುಳ್ಳು ಹೇಳ್ತೀನಿ. ಮೂರೂ ಕಾಲಂನಲ್ಲೂ ಅದನ್ನೇ ಗೆಲ್ಲಿಸ್ತೀನಿ. ನಾಲಿಗೆಗೆ ಸುಳ್ಳಾದ್ರೂ ಒಂದೇ, ನಿಜ ಆದ್ರೂ ಒಂದೇ."

"ಮತ್ತೆ ಶೆಟ್ಟರ ಆ ಎರಡು?"

"ಹಾಳಾಗಿ ಹೋಗ್ಲಿ. ಅವೇನು ನನ್ನ ಹೊಟ್ಟೇಲಿ ಹುಟ್ಟಿದಾವಾ?"

"ಬೇಡಮ್ಮ" ಎಂದಳು. ಕೋಪವಿರಲಿಲ್ಲ, ಬರೀ ಸುಸ್ತಿತ್ತು ಆ ದನಿಯಲ್ಲಿ. "ನನ್ನ ಕೆಲಸಕ್ಕೋಸ್ಕರ ಚೆನ್ನಾಗಿರೋದೇನೂ ಕೆಡೋದು ಬೇಡ. ಗುರುವಾರ ಬರ್ತೀನಿ. ನೀನು ಸುಮ್ನೆ ಬಾ."

ಸುಮ್ಮನೆ ಬರುವುದು ಹೇಗೆ ಎಂದು ನನಗೆ ಗೊತ್ತಿರಲಿಲ್ಲ. ಬುಧವಾರವಿಡೀ ನೋಟ್‌ಬುಕ್ಕಿನ ಮೂರು ಹಾಳೆಗಳನ್ನು ಬೇರೆ ಬೇರೆ ಕೋಣೆಯಲ್ಲಿಟ್ಟು ಅಲ್ಲಿಂದಿಲ್ಲಿಗೆ ಓಡಾಡಿದೆ. ಗುಣವನ್ನು ಎರಡನೆಯದಕ್ಕೆ ಕೊಟ್ಟರೆ ಮಗಳದು ಸೋಲುತ್ತದೆ. ಮೂರನೆಯದಕ್ಕೆ ಕೊಟ್ಟರೂ ಮಗಳದೇ ಸೋಲುತ್ತದೆ. ಮಗಳದಕ್ಕೆ ಕೊಟ್ಟರೆ ಶೆಟ್ಟರ ಅಂಗಡಿಯ ಬೆಳಕು ಆರುತ್ತದೆ. ಕಾಯಿಲೆ ಎಂದು ಮಲಗಿಬಿಡೋಣವೆಂದರೆ ಸಂಘದವರ ಗಡುವಿಗೆ ಹನ್ನೆರಡೇ ದಿನ ಉಳಿದಿತ್ತು. ನನ್ನ ಮೇಲೆ ನನಗೇ ಬೇಸರ ಬಂದು ಹೋಯಿತು.

ಗುರುವಾರ ಹನ್ನೊಂದಕ್ಕೆ ನಾನು ಹೋದಾಗ ಸುನಂದಾ ಆಗಲೇ ಬಂದು ಸ್ಟೂಲಿನ ಮೇಲೆ ಕೂತಿದ್ದಳು. ಕೊರಳಲ್ಲಿ ದಾರ ಕಟ್ಟಿದ ಪೆನ್‌ಡ್ರೈವ್. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು, ಯಾವಾಗಲೂ ಹಾಗೆಯೇ ಕೂರುತ್ತಾಳೆ. ಶೆಟ್ಟರು ನನಗೆ ಕುರ್ಚಿ ಹಾಕಿ, ಹೋಲಿಕೆ ಪತ್ರ, ಸೀಲು, ನೀಲಿ ಮಸಿಯ ಪ್ಯಾಡು ಎಲ್ಲ ಮೇಜಿನ ಮೇಲೆ ಜೋಡಿಸಿದರು. ನಡುವಿನ ರಟ್ಟುಗಳನ್ನು ತೆಗೆದರು. ಮೂರು ಬಟ್ಟೆಯನ್ನೂ ಒಟ್ಟಿಗೇ ಎಳೆಯುವುದು ಪದ್ಧತಿ, ಅದಕ್ಕೆಂದು ಮೂರಕ್ಕೂ ಸೇರಿಸಿ ಒಂದು ದಾರ ಕಟ್ಟಿದ್ದರು.

"ಶುರು ಮಾಡಣ್ವಾ ಅಂಬುಜಮ್ಮೋರೆ?"

ನನ್ನ ನಾಲಿಗೆ ತಾನಾಗಿಯೇ ಎದ್ದು ನಿಂತಿತ್ತು. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ. ದಾರ ಎಳೆದ ಕೂಡಲೇ 'ಬೆಲೆಯಲ್ಲಿ' ಎಂದು ಹೊರಡುವುದಕ್ಕೆ ಬಾಯಿ ತೆರೆದೇ ಇತ್ತು. ಏನು ಹೇಳುತ್ತೇನೆಂದು ಆ ಗಳಿಗೆಯವರೆಗೂ ನನಗೆ ತಿಳಿದಿರಲಿಲ್ಲ, ದೇವರಾಣೆ.

"ಶೆಟ್ಟರೆ, ದಾರ ಬಿಡಿ" ಎಂದಳು ಸುನಂದಾ. "ಮೊದಲನೇದು ಮಾತ್ರ ತೆಗೀರಿ. ನನ್ನ ಕೆಲಸ ಅದರಲ್ಲಿ ಕಾಣುತ್ತಾ ನೋಡ್ತೀನಿ."

"ಒಂದನ್ನೇ ನೋಡಿ ಹೋಲಿಕೆ ಹೆಂಗಾಗುತ್ತೆ ತಾಯಿ?"

"ನೋಡೋದಕ್ಕೆ ಏನೂ ಅಡ್ಡಿ ಇಲ್ಲವಲ್ಲ."

ಅಡ್ಡಿ ಇರಲಿಲ್ಲ. ಶೆಟ್ಟರು ನನ್ನ ಮುಖ ನೋಡಿ, ದಾರ ಬಿಚ್ಚಿ, ಮೊದಲನೆಯದರ ಪಂಚೆ ಮಾತ್ರ ತೆಗೆದರು. ಸುನಂದಾ ಅದಕ್ಕೆ ಜೋಡಿಸಿದ್ದ ಅಂಗಡಿಯ ಕಂಪ್ಯೂಟರಿಗೆ ಪೆನ್‌ಡ್ರೈವ್ ಸಿಕ್ಕಿಸಿದಳು. ನಾನು ಎದ್ದು ಹೊರಗೆ ಹೋಗಲೇ ಎಂದುಕೊಂಡೆ. ಹದಿನೆಂಟು ವರ್ಷದಿಂದ ಮುಚ್ಚಿಟ್ಟದ್ದು, ನಾನಿದ್ದಾಗ ಬಿಚ್ಚಬೇಕಲ್ಲ ಎಂದು ಅವಳಿಗೆ ಎಷ್ಟು ಕಷ್ಟವಾಗಿರಬಹುದು. ಅವಳು ಹಿಂದೆ ತಿರುಗದೆಯೇ, "ಕೂತ್ಕೋ ಅಮ್ಮ. ಕಾಲು ನೋಯುತ್ತೆ" ಎಂದಳು. ಕೂತೆ.

ಸೆರಗು ತೆರೆದುಕೊಂಡಿತು. ಬಳ್ಳಿಯೊಳಗೆ ಬಳ್ಳಿ, ಎಲೆಗೆ ಎಲೆ ತಾಗದ ಹಾಗೆ, ಎರಡು ಸಾವಿರದ ನಾನೂರು ಎಳೆಯ ಉದ್ದಕ್ಕೂ ಹರಿದಿತ್ತು. ಅವಳು ಮೌಸ್ ಹಿಡಿದು ಒಂದು ಕಡೆ ದೊಡ್ಡದು ಮಾಡಿದಳು. ಆಗ ನನಗೆ ಅರ್ಥವಾಯಿತು. ಆ ಗೆರೆಗಳಲ್ಲಿ ಒಂದನ್ನೂ ಅವಳು ಎಳೆದಿರಲಿಲ್ಲ. ಎಳೆಯಲು ಅವಳಿಗೆ ಆಗುವುದಿಲ್ಲ. ಒಂದೊಂದು ಚೌಕಕ್ಕೂ ಹೋಗಿ, ಕೈ ನಿಲ್ಲುವ ಗಳಿಗೆಗೆ ಕಾದು, ಒಂದು ಸಲ ಒತ್ತಿ, ಮುಂದಿನ ಚೌಕಕ್ಕೆ ಹೋಗಿದ್ದಳು. ಹಿಂದೆ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಿದ್ದದ್ದಕ್ಕೆ ಈಗ ತಿಂಗಳುಗಟ್ಟಲೆ. ಲಕ್ಷಾಂತರ ಚೌಕ ಇದ್ದವು ಅಲ್ಲಿ. ನನ್ನ ಒಂದು ಮಾತಿಗೆ ಇಷ್ಟೊಂದು ಸಲ ಒತ್ತಬೇಕಾಯಿತೇ ಎಂದು ನನಗೆ ಅಳು ಬಂತು. ಅಂಗಡಿಯೆಂದೂ ನೋಡದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಶೆಟ್ಟರು ಒಳಗೆ ಹೋಗಿ ಎರಡು ಲೋಟ ಟೀ ತಂದಿಟ್ಟರು, ಒಂದನ್ನು ಈ ಮೇಜಿನ ಮೇಲೆ, ಇನ್ನೊಂದನ್ನು ದೂರದ ಕಪಾಟಿನ ಮೇಲೆ.

ಒಂದೂವರೆ ಗಂಟೆ ಅವಳು ಏಳಲಿಲ್ಲ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಅಕ್ಕಿ ಆರಿಸುವವರ ಹಾಗೆ ನೋಡುತ್ತ ಹೋದಳು. ಕೈ ನಡುಗಿ ಮೇಜಿಗೆ ತಾಗಿದಾಗೆಲ್ಲ ಪರದೆ ತಲೆಯಾಡಿಸುತ್ತಿತ್ತು. ಅದು ನಿಲ್ಲುವವರೆಗೆ ಕಾದು ಮುಂದುವರಿಯುತ್ತಿದ್ದಳು. ಕೊನೆಗೆ ಒಂದು ಕಡೆ ನಿಂತಳು. ಎರಡು ತುಂಡು ಸೇರುವ ಜಾಗ. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

"ಸಿಕ್ತು" ಎಂದಳು.

"ಏನು?"

"ಇಲ್ಲಿ ಒಂದು ಎಳೆ ಹಾರಿದೆ. ಹೋದ ವರ್ಷದ ಹಾಗೇ. ಹಳೇ ಮಾನಿಟರಿನಲ್ಲಿ ನಾಲ್ಕು ಸಲ ನೋಡಿದ್ದೆ, ಕಂಡಿರಲಿಲ್ಲ." ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. ನನಗೂ ಕಂಡಿತು. ಬಳ್ಳಿ ಒಂದು ಕೂದಲಷ್ಟು ಪಕ್ಕಕ್ಕೆ ಸರಿದಿತ್ತು. ಅವಳು ಸ್ಟೂಲನ್ನು ಹಿಂದಕ್ಕೆ ತಳ್ಳಿದಳು. "ಶೆಟ್ಟರೆ, ಇದು ಸಾಕು. ಪ್ಯಾಕ್ ಮಾಡಿ."

"ಇನ್ನೆರಡು ನೋಡಲ್ವಾ?"

"ಯಾಕೆ ನೋಡ್ಲಿ? ನಾನು ಹುಡುಕ್ತಿದ್ದದ್ದು ಕಾಣಿಸ್ತಲ್ಲ."

ಶೆಟ್ಟರು ತಬ್ಬಿಬ್ಬಾದರು. "ಅಲ್ಲ ತಾಯಿ, ಅದರಲ್ಲಿ ಸ್ಟ್ಯಾಂಡು ಮೇಲೆ ಕೆಳಗೆ ಹೋಗುತ್ತೆ, ಇದರಲ್ಲಿ ಅಕ್ಷರ" ಎಂದು ಶುರುಮಾಡಿ ತಮ್ಮ ಬಾಯನ್ನು ತಾವೇ ಕೈಯಿಂದ ಮುಚ್ಚಿಕೊಂಡರು. ಮೊದಲನೆಯದು ಎದುರಿಗೇ ತೆರೆದಿತ್ತು, ಉಳಿದೆರಡು ಬಟ್ಟೆಯೊಳಗಿದ್ದವು, ಹಾಗಾಗಿ ಏನೂ ಆಗಲಿಲ್ಲ. "ಹೋಲಿಕೆ ಎಲ್ಲಾಯ್ತು ಅಂಬುಜಮ್ಮೋರೆ? ಪತ್ರ ಇಲ್ದೆ ಹೆಂಗೆ ಕೊಡ್ಲಿ?"

ನಾನು ಪತ್ರವನ್ನು ಹತ್ತಿರಕ್ಕೆ ಎಳೆದುಕೊಂಡೆ. ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಎದುರಿಗೆ ಕೂತ ಒಬ್ಬ ಗಿರಾಕಿಯನ್ನೂ ನಿಮಗೇನು ಬೇಕು ಎಂದು ನಾನು ಕೇಳಿರಲಿಲ್ಲ. ಯಾವುದು ಮೇಲು ಎಂದು ಹೇಳುವುದೇ ನನ್ನ ಕೆಲಸ ಎಂದುಕೊಂಡಿದ್ದೆ. ಊರೂ ಹಾಗೇ ಅಂದುಕೊಂಡಿತ್ತು. ಎಷ್ಟು ಮಿಕ್ಸಿ, ಎಷ್ಟು ಫ್ಯಾನು, ಎಷ್ಟು ಹೊಲಿಗೆ ಯಂತ್ರ ಸುಮ್ಮಸುಮ್ಮನೆ ಸೊರಗಿದವೋ. ಪೆನ್ನು ತೆಗೆದು ಮೊದಲನೆಯದರ ಸಾಲಿನಲ್ಲಿ, ಬೆಲೆಯ ಕೆಳಗೆ ಸಾಕು ಎಂದು ಬರೆದೆ. ಗುಣದ ಕೆಳಗೆ ಸಾಕು. ಅಂದದ ಕೆಳಗೂ ಸಾಕು. ಉಳಿದೆರಡು ಸಾಲುಗಳನ್ನು ಖಾಲಿ ಬಿಟ್ಟು ಸೀಲು ಒತ್ತಿದೆ.

ಶೆಟ್ಟರು ಪತ್ರವನ್ನು ಬೆಳಕಿಗೆ ಹಿಡಿದು ಓದಿದರು. "ಪುರಸಭೆಯವರು ಒಪ್ತಾರಾ?"

"ಒಪ್ಪದಿದ್ರೆ ನೋಟಿಸು ಬರೀಬೇಕಾದೋರು ಆ ಗುಮಾಸ್ತರೇ ತಾನೆ? ಅದನ್ನ ಯಾರು ಓದ್ತಾರೆ? ಕೇಳಿದ್ರೆ ನನ್ನ ಹೆಸರು ಹೇಳಿ."

ಅವರು ಬಟ್ಟೆ ಹೊದ್ದ ಎರಡನ್ನೂ ಒಮ್ಮೆ ಮುಟ್ಟಿ ನೋಡಿ ಪೆಟ್ಟಿಗೆ ತರಲು ಒಳಗೆ ಹೋದರು. ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು. ಸುನಂದಾ ಹಾರಿದ ಎಳೆಯನ್ನು ಸರಿಮಾಡುತ್ತಿದ್ದಳು. ಬಾಣದ ಗುರುತನ್ನು ಚೌಕದ ಮೇಲೆ ತಂದು, ಕೈ ನಿಲ್ಲಲೆಂದು ಕಾಯುತ್ತಿದ್ದಳು. ನಾನು ಏನಾದರೂ ಹೇಳಬೇಕಿತ್ತು. ಹದಿನೆಂಟು ವರ್ಷದಿಂದ ಹೆದರಿ ಅವಳಿಗೆ ಒಂದು ಒಳ್ಳೆಯ ಮಾತೂ ಹೇಳಿರಲಿಲ್ಲ, ಅಡುಗೆ ಚೆನ್ನಾಗಿದೆ ಎಂದೂ ಹೇಳಿರಲಿಲ್ಲ. ಬಾಯಿ ತೆರೆದರೆ ನಾಲಿಗೆ ಪಕ್ಕಕ್ಕೆ ತಿರುಗಿ ಹೋಲಿಸಲು ಇನ್ನೊಂದನ್ನು ಹುಡುಕುತ್ತಿತ್ತು. ಅದನ್ನು ಹಿಡಿದು ನಿಲ್ಲಿಸಿ ಹೇಳಿದೆ.

"ಚೆನ್ನಾಗಿದೆ ಸುನಂದಾ."

ಅವಳು ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು, ಬಿಸಿ ಪಾತ್ರೆಯಿಂದ ತೆಗೆದ ಹಾಗೆ. ತಿರುಗಿ ನೋಡದೆ ಕೇಳಿದಳು.

"ಯಾವುದಕ್ಕಿಂತ?"

"ಯಾವುದಕ್ಕಿಂತಲೂ ಅಲ್ಲ" ಎಂದೆ. "ಚೆನ್ನಾಗಿದೆ. ಅಷ್ಟೇ."

ಅವಳು ಕೈಯನ್ನೇ ನೋಡುತ್ತ ಕೂತಳು. ಏನಾಗುತ್ತದೋ ಎಂದು ಕಾದಳು, ನಾನೂ ಕಾದೆ. ಏನೂ ಆಗಲಿಲ್ಲ. ಕೈ ಮೊದಲು ಎಷ್ಟು ನಡುಗುತ್ತಿತ್ತೋ ಅಷ್ಟೇ ನಡುಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಎತ್ತಿ ಮೌಸಿನ ಮೇಲಿಟ್ಟು, ಕಾದು, ಒಂದು ಸಲ ಒತ್ತಿದಳು. ಹಾರಿದ ಎಳೆ ಬಂದು ಕೂತಿತು. ಬಳ್ಳಿ ಕೂಡಿಕೊಂಡಿತು.

ಪೆಟ್ಟಿಗೆ ಭಾರವೇನಿರಲಿಲ್ಲ, ಅಗಲವಿತ್ತು. ಶೆಟ್ಟರು ಆಟೋ ಕರೆಸುತ್ತೇನೆಂದರು, ಅವಳು ಬೇಡವೆಂದಳು. ಯಾವತ್ತೂ ತನ್ನ ಕೆಲಸದ ಸಾಮಾನು ಮುಟ್ಟಲು ನನ್ನನ್ನು ಬಿಟ್ಟವಳಲ್ಲ. ಅವತ್ತು ಅಂಗಡಿಯ ಮೆಟ್ಟಿಲ ಮೇಲೆ ನಿಂತು, "ಆ ಕಡೆ ಹಿಡ್ಕೋ ಅಮ್ಮ" ಎಂದಳು. ಹಿಡಿದುಕೊಂಡೆ. ಇಬ್ಬರೂ ನಡುಬೀದಿಯಲ್ಲಿ, ಬಿಸಿಲಿನಲ್ಲಿ, ನನ್ನ ಮೊಣಕಾಲು ಬಿಟ್ಟಷ್ಟು ಬೇಗ ನಡೆದೆವು. ಪೆಟ್ಟಿಗೆ ಎರಡೂ ತುದಿಯಲ್ಲಿ ಅಲ್ಲಾಡುತ್ತಿತ್ತು. ಯಾರ ಕಡೆ ಹೆಚ್ಚು ಎಂದು ನಾನು ನೋಡಲಿಲ್ಲ.